ವರ್ಷಕ್ಕೆ 1800 ಬಿಲ್ಲಬಲ್ ಗಂಟೆ, 9 ಲಕ್ಷ ಸಂಬಳ: ಹೊಸಬರಿಗೆ ಇದು ಆಗೋ ಮಾತಾ?

ಹೊಸ ಕರಿಕೋಟು

ಎಲ್ಲರಿಗೂ ನಮಸ್ಕಾರ. ಐದು ವರ್ಷದ ಬಿಎ ಎಲ್‌ಎಲ್‌ಬಿ ಈಗಷ್ಟೇ ಮುಗಿಯಿತು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಬರುವ ಒಂದು ಕಾಲೇಜು, ಎನ್‌ಎಲ್‌ಎಸ್ ಗಿನ್‌ಎಲ್‌ಎಸ್ ಥರದ ದೊಡ್ಡ ಹೆಸರಿನ ನ್ಯಾಷನಲ್ ಲಾ ಸ್ಕೂಲ್ ಏನೂ ಅಲ್ಲ. ಊರು ಶಿವಮೊಗ್ಗದ ಹತ್ತಿರ. ಸನ್ನದಿಗೆ (ವಕೀಲಿಕೆ ಮಾಡಲು ಬೇಕಾದ ಬಾರ್ ಕೌನ್ಸಿಲ್ ನೋಂದಣಿ) ಅರ್ಜಿ ಹಾಕಿದ್ದೇನೆ.

ಕೈಯಲ್ಲಿ ಎರಡು ದಾರಿ ಇದೆ. ಒಂದು, ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಲಾ ಫರ್ಮ್. ದೊಡ್ಡ ಹೆಸರಲ್ಲ, ನಲವತ್ತು ಐವತ್ತು ವಕೀಲರಿರಬಹುದು. ರಿಯಲ್ ಎಸ್ಟೇಟ್ ಟೀಮಿಗೆ ತಗೊಳ್ಳುತ್ತಿದ್ದಾರೆ. ವರ್ಷಕ್ಕೆ 9 ಲಕ್ಷ ಅಂತ ಹೇಳಿದ್ದಾರೆ, ಅದರಲ್ಲಿ ಏಳೂವರೆ ಲಕ್ಷ ಖಾಯಂ, ಉಳಿದ ಒಂದೂವರೆ ಲಕ್ಷ "ವೇರಿಯಬಲ್". ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 1800 ಬಿಲ್ಲಬಲ್ ಗಂಟೆ ಟಾರ್ಗೆಟ್ ಅಂತ ಒಂದು ಸಾಲು ಇದೆ, ಅದು ಮುಟ್ಟಿದರೆ ಆ ಒಂದೂವರೆ ಲಕ್ಷ ಬರುತ್ತದೆ ಅಂತ. ಇನ್ನೊಂದು ಕಡೆ "ಪ್ರೊಫೆಷನಲ್ ಫೀ" ಅಂತ ಬರೆದಿದ್ದಾರೆ, ಸ್ಯಾಲರಿ ಅನ್ನೋ ಪದವೇ ಇಲ್ಲ. ಪಿಎಫ್ ಬಗ್ಗೆ ಮಾತೇ ಇಲ್ಲ.

ಎರಡನೇದು, ಹೈಕೋರ್ಟ್‌ನಲ್ಲಿ ಪ್ರಾಕ್ಟೀಸ್ ಮಾಡುವ ಒಬ್ಬ ಹಿರಿಯರ ಚೇಂಬರ್. ತಿಂಗಳಿಗೆ 15 ಸಾವಿರ ಕೊಡುತ್ತೇನೆ ಅಂದಿದ್ದಾರೆ. ಒಳ್ಳೆಯವರು, ಇಂಟರ್ನ್‌ಶಿಪ್ ಅಲ್ಲೇ ಮಾಡಿದ್ದೆ.

ಅಪ್ಪನಿಗೆ ನಾನು ಜಡ್ಜ್ ಆಗಬೇಕು ಅನ್ನೋ ಆಸೆ. ನನಗೂ ಇಲ್ಲ ಅಂತಲ್ಲ, ಆದರೆ ಎಜುಕೇಷನ್ ಲೋನ್ ಕಂತು ಶುರುವಾಗುತ್ತದೆ, ಬೆಂಗಳೂರಲ್ಲಿ ಪಿಜಿ ಬಾಡಿಗೆ ನಿಮಗೇ ಗೊತ್ತು. 15 ಸಾವಿರದಲ್ಲಿ ಏನು ಮಾಡಲಿ?

ನಾನು ಸುಮ್ನೆ ಕೂತು ಲೆಕ್ಕ ಹಾಕಿದೆ. 1800 ಅನ್ನು 12 ರಿಂದ ಭಾಗಿಸಿದರೆ ತಿಂಗಳಿಗೆ 150. ದಿನಕ್ಕೆ ಏಳು ಗಂಟೆಗಿಂತ ಸ್ವಲ್ಪ ಜಾಸ್ತಿ. ಇದರಲ್ಲಿ ಕಷ್ಟ ಏನಿದೆ, ಎಲ್ಲರೂ ಎಂಟು ಗಂಟೆ ಕೆಲಸ ಮಾಡುತ್ತಾರಲ್ವಾ ಅನ್ನಿಸಿತು. ಆದರೆ ಸೀನಿಯರ್ ಒಬ್ಬಳು "ಅಯ್ಯೋ, 1800 ಆ?" ಅಂತ ನಕ್ಕಳು, ಯಾಕೆ ಅಂತ ಹೇಳಲಿಲ್ಲ. ಒಳಗಿನವರು ಯಾರಾದರೂ ಬಿಡಿಸಿ ಹೇಳಿ. ಇಂಗ್ಲಿಷ್ ಫೋರಮ್‌ಗಳಲ್ಲಿ ಕೇಳಿದರೆ ಎಲ್ಲರೂ ಡೆಲ್ಲಿ, ಬಾಂಬೆ, ಟಿಯರ್ 1 ಅಂತಲೇ ಮಾತಾಡುತ್ತಾರೆ.

---

ಟೈಮ್‌ಶೀಟ್ ಸಾಕಪ್ಪ

ನಿಮ್ಮ ಸೀನಿಯರ್ ನಕ್ಕಿದ್ದಕ್ಕೆ ಕಾರಣ ಇದೆ. ನಾನು ಕೆಲವು ವರ್ಷ ಬೆಂಗಳೂರಿನ ಫರ್ಮ್‌ಗಳಲ್ಲಿ ಇದ್ದೆ, ಈಗ ಒಂದು ಕಂಪನಿಯದೇ ವಕೀಲೆ, ಇನ್‌ಹೌಸ್. ಅಂದರೆ ಮೊದಲು ಬಿಲ್ ಕಳಿಸುತ್ತಿದ್ದೆ, ಈಗ ಬಿಲ್ ಓದಿ ಕತ್ತರಿಸುತ್ತೇನೆ. ಎರಡೂ ಕಡೆ ನೋಡಿದವಳಾಗಿ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕ ಸರಿ ಮಾಡೋಣ. ವರ್ಷಕ್ಕೆ 365 ದಿನ. ಶನಿವಾರ ಭಾನುವಾರ 104 ತೆಗೆಯಿರಿ. ಹಬ್ಬದ ರಜೆ ಒಂದು 12, ನಿಮ್ಮ ಸ್ವಂತ ರಜೆ ಮತ್ತೆ ಜ್ವರ ನೆಗಡಿ ಎಲ್ಲ ಸೇರಿ 15 ಅಂತ ಇಟ್ಟುಕೊಳ್ಳಿ. ಉಳಿದದ್ದು 234 ದಿನ. 1800 ಅನ್ನು 234ರಿಂದ ಭಾಗಿಸಿದರೆ ದಿನಕ್ಕೆ 7.7 ಗಂಟೆ. ಆದರೆ ಇದು ಆಫೀಸಲ್ಲಿ ಕೂತ ಸಮಯ ಅಲ್ಲ, ಇಂಥ ಕಕ್ಷಿದಾರರಿಗೆ ಇಂಥ ಕೆಲಸ ಅಂತ ಬರೆದು ತೋರಿಸಬಹುದಾದ ಸಮಯ. ಅದೂ ಆರಾರು ನಿಮಿಷದ ತುಂಡುಗಳಲ್ಲಿ. ಗಂಟೆಯ ಹತ್ತನೇ ಒಂದು ಭಾಗ ಒಂದು ಯೂನಿಟ್. ದಿನಕ್ಕೆ 77 ಯೂನಿಟ್ ಆಗಬೇಕು.

ಇದರಲ್ಲಿ ಬರದೇ ಇರುವುದು ಯಾವುದು ಅಂದರೆ ಊಟ, ಕಾಫಿ, ಟೀಮ್ ಮೀಟಿಂಗ್, ಟ್ರೈನಿಂಗ್, ಪಾರ್ಟ್ನರ್ ಹೆಸರಲ್ಲಿ ನೀವು ಬರೆದುಕೊಡುವ ಲೇಖನ, ಹೊಸ ಕಕ್ಷಿದಾರರನ್ನು ಹಿಡಿಯಲು ಮಾಡುವ ಪಿಪಿಟಿ, ಟೈಮ್‌ಶೀಟ್ ತುಂಬುವ ಸಮಯ, ಮತ್ತೆ ಎಲ್ಲಕ್ಕಿಂತ ದೊಡ್ಡದು ಕಾಯುವ ಸಮಯ. ಹೌದು, ಕಾಯುವುದು. ನೀವು ಮಧ್ಯಾಹ್ನ ಮೂರಕ್ಕೆ ಡ್ರಾಫ್ಟ್ ಕಳಿಸುತ್ತೀರಿ, ಮೇಲಿನವರು ಕಾಲ್‌ನಲ್ಲಿ ಇರುತ್ತಾರೆ, ರಾತ್ರಿ ಎಂಟಕ್ಕೆ ತಿದ್ದುಪಡಿ ಬರುತ್ತದೆ, "ಟುನೈಟ್ ಪ್ಲೀಸ್" ಅಂತ. ಮೂರರಿಂದ ಎಂಟರವರೆಗೆ ಬೇರೆ ಕೆಲಸ ಇದ್ದರೆ ಸರಿ, ಇಲ್ಲದಿದ್ದರೆ ಆ ಐದು ಗಂಟೆ ಸೊನ್ನೆ. ಹಾಗಾಗಿ 7.7 ಬರೆಯಬೇಕಾದರೆ ಹತ್ತು ಹತ್ತೂವರೆ ಗಂಟೆ ಆಫೀಸಲ್ಲಿ ಇರಬೇಕು, ಅದರ ಮೇಲೆ ಔಟರ್ ರಿಂಗ್ ರೋಡೋ ಹೆಬ್ಬಾಳವೋ ನಿಮ್ಮ ಅದೃಷ್ಟ.

ಆದರೂ ಗಂಟೆ ಜಾಸ್ತಿಯೋ ಕಮ್ಮಿಯೋ ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ, ಯಾವ ಗಂಟೆಯನ್ನು ಎಣಿಸುತ್ತಾರೆ? ನೀವು ಬರೆದ ಗಂಟೆಯಾ, ಪಾರ್ಟ್ನರ್ ಕತ್ತರಿಸಿ ಬಿಲ್‌ಗೆ ಹಾಕಿದ ಗಂಟೆಯಾ, ಅಥವಾ ಕಕ್ಷಿದಾರರು ದುಡ್ಡು ಕೊಟ್ಟ ಗಂಟೆಯಾ? ಮೂರೂ ಬೇರೆ ಬೇರೆ. ಆಫರ್ ಲೆಟರ್‌ನಲ್ಲಿ ಬರೀ "1800 ಬಿಲ್ಲಬಲ್" ಅಂದರೆ ಅರ್ಥವೇ ಇಲ್ಲ.

ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ನೀವು ಹೋಗುತ್ತಿರುವುದು ರಿಯಲ್ ಎಸ್ಟೇಟ್ ಟೀಮಿಗೆ. ಟೈಟಲ್ ರಿಪೋರ್ಟ್ ಅಂದರೆ ಗೊತ್ತಲ್ಲ, ಜಮೀನಿನ ಒಡೆತನ ಸರಿಯಿದೆಯಾ ಅಂತ ನೋಡಿ ಬರೆಯುವ ವರದಿ, ಒಂದು ಸರ್ವೆ ನಂಬರಿನ ಮೂವತ್ತು ನಲವತ್ತು ವರ್ಷದ ಪಹಣಿ, ಮ್ಯುಟೇಷನ್, ಇಸಿ (ಋಣಭಾರ ಪತ್ರ), ಗ್ರಾಂಟ್ ಜಮೀನಾದರೆ ಪಿಟಿಸಿಎಲ್ ಕಾಯ್ದೆಯ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ತಲೆನೋವು, ಇನಾಂ ಆದರೆ ಅದರದೇ ಕಥೆ. ಇದಕ್ಕೆಲ್ಲ ಸಾಮಾನ್ಯವಾಗಿ ಕಕ್ಷಿದಾರರ ಹತ್ತಿರ ಒಟ್ಟು ಮೊತ್ತ ಮಾತಾಡಿರುತ್ತಾರೆ, ಗಂಟೆ ಲೆಕ್ಕ ಅಲ್ಲ. ಸಬ್ ರಿಜಿಸ್ಟ್ರಾರ್ ಕೊಟ್ಟ ಕಾಪಿಯಲ್ಲಿ ಅಕ್ಷರ ಕಾಣದೆ ನೀವು ಎರಡು ದಿನ ಕೂತಿರಿ ಅನ್ನಿ, ಟೈಮ್‌ಶೀಟ್‌ನಲ್ಲಿ ಹದಿನಾರು ಗಂಟೆ ಬರೆದಿರಿ. ಒಪ್ಪಿದ ಮೊತ್ತಕ್ಕೆ ಆರು ಗಂಟೆ ಮಾತ್ರ ಕೂರುತ್ತದೆ. ಉಳಿದ ಹತ್ತು ರೈಟ್ ಆಫ್. ಬೋನಸ್ ಲೆಕ್ಕ ಬಿಲ್ ಆದ ಗಂಟೆಯ ಮೇಲೆ ಇದ್ದರೆ ಆ ಹತ್ತು ಗಂಟೆ ನಿಮ್ಮ ಜೇಬಿನಿಂದ ಹೋದ ಹಾಗೆ. ರೇಟ್ ಮಾತಾಡಿದ್ದು ಪಾರ್ಟ್ನರ್, ನಷ್ಟ ನಿಮಗೆ. ಇದು ನ್ಯಾಯವಾ?

ಹೊಸಬರ ಕೈಯಲ್ಲಿ ಇನ್ನೊಂದು ವಿಷಯವೂ ಇಲ್ಲ. ಕೆಲಸ ತರುವುದು ನೀವಲ್ಲ. ಟೀಮಿಗೆ ಕೆಲಸ ಕಮ್ಮಿ ಇದ್ದ ತಿಂಗಳು ನೀವು ಎಷ್ಟೇ ಹೊತ್ತು ಕೂತರೂ ಗಂಟೆ ಹುಟ್ಟುವುದಿಲ್ಲ. ಅದಕ್ಕೇ ಮೊದಲ ವರ್ಷ ಟಾರ್ಗೆಟ್ ಬೇಡ, ಅಥವಾ ಮೊದಲ ಆರು ತಿಂಗಳು ಬಿಟ್ಟು ಲೆಕ್ಕ ಹಿಡಿಯಿರಿ ಅಂತ ಕೇಳುವುದು ತಪ್ಪಲ್ಲ. ಕೇಳಿ.

ಒಂದು ಧೈರ್ಯದ ಮಾತು. ಹಳೇ ಕನ್ನಡ ಕೈಬರಹದ ಕ್ರಯಪತ್ರ ಓದಿ, ಅದನ್ನು ಇಂಗ್ಲಿಷ್‌ನಲ್ಲಿ ಒಂದು ಪ್ಯಾರಾ ಮಾಡಿ ಬರೆಯೋಕೆ ಬರುವವರು ಈ ಫರ್ಮ್‌ಗಳಲ್ಲಿ ಕಮ್ಮಿ. ದೊಡ್ಡ ಕಾಲೇಜಿನಿಂದ ಬಂದ ಎಷ್ಟೋ ಜನಕ್ಕೆ ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯದ ದಾಖಲೆ) ಅಂದರೆ ಏನು ಅಂತ ಗೊತ್ತಿರುವುದಿಲ್ಲ. ನಿಮ್ಮನ್ನು ತಗೊಂಡಿರುವುದು ಅದಕ್ಕೇ ಇರಬಹುದು, ಹಾಗಾಗಿ ಆಫರ್ ಬಗ್ಗೆ ಮಾತಾಡುವಾಗ ಉಪಕಾರ ಮಾಡಿಸಿಕೊಳ್ಳುತ್ತಿರುವವರ ಥರ ಮಾತಾಡಬೇಡಿ.

---

ಪೇಡಾನಗರಿ ವಕೀಲ

ತಂಗಿ, ಮೇಲಿನ ಮೇಡಂ ಹೇಳಿದ್ದು ಖರೆ ಐತಿ. ನಾನು ಚೇಂಬರ್ ಕಡೆಯ ಮಾತು ಹೇಳುತ್ತೇನೆ, ಧಾರವಾಡ ಪೀಠದಲ್ಲಿ ಪ್ರಾಕ್ಟೀಸ್ ನನ್ನದು.

15 ಸಾವಿರ ಕೊಡುತ್ತೇನೆ ಅಂದ ಸೀನಿಯರ್ ಇದ್ದಾರಲ್ಲ, ಅವರನ್ನು ಕೆಟ್ಟವರು ಅನ್ನಬೇಡಿ. ನಮ್ಮ ಕಾಲದಲ್ಲಿ ಪೆಟ್ರೋಲಿಗೆ ಕೊಟ್ಟರೆ ಅದೇ ದೊಡ್ಡದು. ಆದರೆ ಈಗ ಕಾಲ ಬದಲಾಗಿದೆ, ಬದಲಾಗಬೇಕು ಕೂಡ. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತು. ನಗರದಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಅಂತ. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಕೂಡ ತಮಿಳುನಾಡಿನ ಬಗ್ಗೆ ಹೆಚ್ಚೂಕಮ್ಮಿ ಇದೇ ಮೊತ್ತ ಹೇಳಿತ್ತು. ಬಾರ್ ಕೌನ್ಸಿಲ್‌ದು ಶಿಫಾರಸು ಮಾತ್ರ, ಕೊಡದಿದ್ದರೆ ಯಾರೂ ಏನೂ ಮಾಡುವುದಿಲ್ಲ. ಆದರೆ ನೀವು ಬೆಂಗಳೂರಿನ ಚೇಂಬರ್‌ಗೆ ಹೋಗುತ್ತಿದ್ದೀರಿ, ಅವರು ಕೊಡುತ್ತೇನೆ ಅಂದಿದ್ದು ಹಳ್ಳಿಯ ದರ. ಮೆತ್ತಗೆ ಸುತ್ತೋಲೆ ನೆನಪಿಸಿ. "ಸರ್, 20 ಆದರೆ ಬಾಡಿಗೆ ಹೊಂದುತ್ತದೆ" ಅನ್ನಿ. ಒಳ್ಳೆಯವರು ಅಂದಿರಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ.

ಚೇಂಬರ್‌ನಲ್ಲಿ ಟೈಮ್‌ಶೀಟ್ ಇಲ್ಲ ಅಂದ ಮಾತ್ರಕ್ಕೆ ಗಂಟೆ ಕಮ್ಮಿ ಅಂದುಕೊಳ್ಳಬೇಡಿ. ಬೆಳಿಗ್ಗೆ ಫೈಲ್ ನೋಡುವುದು, ಹತ್ತೂವರೆಗೆ ಕೋರ್ಟ್, ಸಂಜೆ ಮತ್ತೆ ಚೇಂಬರ್, ಕಕ್ಷಿದಾರರು ಬಂದು ಕೂತರೆ ರಾತ್ರಿ ಒಂಬತ್ತು ಹತ್ತು. ಆಫೀಸ್ ಆಬ್ಜೆಕ್ಷನ್ ಸರಿಪಡಿಸಲು ರಿಜಿಸ್ಟ್ರಿ ಮುಂದೆ ನಿಂತ ಹೊತ್ತಿಗೆ ಯಾರೂ ಬಿಲ್ ಮಾಡುವುದಿಲ್ಲ. ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಅಳು ಬರುತ್ತದೆ, ಹಾಕಬೇಡಿ.

ಸೀನಿಯರ್ ಹತ್ತಿರ ಕೇಳಬೇಕಾದ್ದು ಬೇರೆ. ಒಂದು, ನನ್ನ ಹೆಸರಿನಲ್ಲಿ ಸ್ವಂತ ವಕಾಲತ್ತು ಹಾಕಬಹುದಾ? ಎರಡು, ವಾಯಿದೆ ತಗೊಳ್ಳುವುದಕ್ಕೆ ಮಾತ್ರ ಕಳಿಸುತ್ತೀರಾ, ವಾದಕ್ಕೂ ನಿಲ್ಲಿಸುತ್ತೀರಾ? ಹೈಕೋರ್ಟ್ ಚೇಂಬರ್‌ನಲ್ಲಿ ರಿಟ್ ಡ್ರಾಫ್ಟಿಂಗ್ ಕಲಿಯಬಹುದು, ಪಾಟೀ ಸವಾಲು ಕಲಿಯಲಾಗದು. ಅದು ಬೇಕಾದರೆ ಸಿವಿಲ್ ಕೋರ್ಟ್‌ಗೂ ಹೋಗುವ ಆಫೀಸ್ ನೋಡಿ.

ಈಗ ಅಪ್ಪನ ಆಸೆಯ ವಿಷಯ. ಇದನ್ನು ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು ಅನ್ನುವ ನಿಯಮವನ್ನು ವಾಪಸ್ ತಂದಿದೆ. ತಾತ್ಕಾಲಿಕ ಸನ್ನದು ಸಿಕ್ಕ ದಿನದಿಂದ ಲೆಕ್ಕ. ಆದರೆ ಆ ಕೋರ್ಟ್‌ನ ಪ್ರಧಾನ ನ್ಯಾಯಾಧೀಶರು ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಹತ್ತು ವರ್ಷ ಅನುಭವ ಇರುವ ವಕೀಲರು ಕೊಟ್ಟು ಅದರ ಮೇಲೆ ನ್ಯಾಯಾಧೀಶರ ಮೇಲುಸಹಿ ಬೀಳಬೇಕು. ವರ್ಷಗಟ್ಟಲೆ ಟೈಟಲ್ ರಿಪೋರ್ಟ್ ಬರೆದು, ಕೋರ್ಟ್ ಮೆಟ್ಟಿಲೇ ಹತ್ತದವರಿಗೆ ಆ ಸಹಿ ಯಾರು ಹಾಕುತ್ತಾರೆ? ಕಾಗದದ ಮೇಲೆ ಸನ್ನದು ಇದೆ ಅನ್ನುವುದು ಒಂದು, ಪ್ರಾಕ್ಟೀಸ್ ತೋರಿಸುವುದು ಇನ್ನೊಂದು. ಜಡ್ಜ್ ಆಗುವ ಮನಸ್ಸು ನಿಜವಾಗಿಯೂ ಇದ್ದರೆ ಫರ್ಮ್‌ಗೇ ಹೋದರೂ ಅವರ ಲಿಟಿಗೇಷನ್ ಟೀಮ್ ಕೇಳಿ.

ಸನ್ನದಿನ ಫೀ ಅಂತ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ, ಕಾಯ್ದೆಯಲ್ಲಿ ಇರುವುದು ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಪಂಗಡಕ್ಕೆ 125 ರೂಪಾಯಿ. ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ.

---

ಲೆಕ್ಕದ ಕಾಮತ್ತಿ

ವಕೀಲ ಅಲ್ಲ, ಸಿಎ. ವಕೀಲರ ರಿಟರ್ನ್ಸ್ ತುಂಬಾ ಮಾಡುತ್ತೇನೆ, ಅದಕ್ಕೆ ಮೂಗು ತೂರಿಸುತ್ತಿದ್ದೇನೆ.

"ಪ್ರೊಫೆಷನಲ್ ಫೀ" ಅಂತ ಬರೆದಿದ್ದಕ್ಕೆ ಹೆದರಬೇಡಿ. ವಕೀಲರು ಪ್ರಾಕ್ಟೀಸ್ ಮಾಡುವಷ್ಟು ದಿನ ಪೂರ್ಣಾವಧಿ ಸಂಬಳದ ನೌಕರರಾಗಬಾರದು ಅಂತ ಬಾರ್ ಕೌನ್ಸಿಲ್ ನಿಯಮ 49 ಹೇಳುತ್ತದೆ. ಅದಕ್ಕೆ ಎಷ್ಟೋ ಫರ್ಮ್‌ಗಳು ಅಸೋಸಿಯೇಟ್‌ಗಳನ್ನು ರೀಟೇನರ್ ಅಂತ, ಅಂದರೆ ನೌಕರರಲ್ಲದೆ ಫೀ ಪಡೆಯುವವರಾಗಿ, ಇಟ್ಟುಕೊಳ್ಳುತ್ತವೆ. ಫರ್ಮ್‌ಗೂ ಅನುಕೂಲ, ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ.

ಕೈಗೆ ಬರುವುದು ಎಷ್ಟು? ಏಳೂವರೆ ಲಕ್ಷ ಅಂದರೆ ತಿಂಗಳಿಗೆ 62,500. ಶೇ. 10 ಟಿಡಿಎಸ್ ಹಿಡಿದರೆ 6,250 ಹೋಗಿ 56,250 ನಿಮ್ಮ ಖಾತೆಗೆ. ಆ ಟಿಡಿಎಸ್ ಮುಳುಗಿ ಹೋದ ದುಡ್ಡಲ್ಲ. ವಕೀಲಿಕೆ, ಡಾಕ್ಟರಿಕೆ ಇಂಥ ವೃತ್ತಿಗಳಿಗೆ ಅಂದಾಜು ತೆರಿಗೆ ಪದ್ಧತಿ ಇದೆ, ಹಳೇ ಕಾಯ್ದೆಯಲ್ಲಿ 44ಎಡಿಎ ಅನ್ನುತ್ತಿದ್ದೆವು. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ಪದ್ಧತಿ ಅದೇ. ಬಂದ ಫೀನಲ್ಲಿ ಅರ್ಧ ಖರ್ಚು ಅಂತ ಬಿಟ್ಟು ಉಳಿದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಲೆಕ್ಕದ ಪುಸ್ತಕ ಬೇಡ. ನಿಮಗೆ ಪೂರ್ತಿ 9 ಲಕ್ಷ ಬಂದರೂ ಆದಾಯ ನಾಲ್ಕೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಹಿಡಿದದ್ದೆಲ್ಲ ರಿಟರ್ನ್ ಹಾಕಿದ ಮೇಲೆ ವಾಪಸ್. ಜಾಗ್ರತೆ ಏನೆಂದರೆ ರೀಫಂಡ್ ಬರುವುದು ವರ್ಷ ಮುಗಿದ ಮೇಲೆ, ಲೋನ್ ಕಂತು ಕಟ್ಟಬೇಕಾದ್ದು ಪ್ರತಿ ತಿಂಗಳು.

ನಿಜ ಹೇಳಬೇಕೆಂದರೆ 9 ಲಕ್ಷಕ್ಕೆ ಸಂಬಳ ಅಂತ ಕೊಟ್ಟಿದ್ದರೂ ತೆರಿಗೆ ಸೊನ್ನೆಯೇ. ವ್ಯತ್ಯಾಸ ಕಾಣುವುದು ಮೇಲೆ ಹೋದಾಗ. 20 ಲಕ್ಷ ಸಂಬಳ ಆದರೆ ಈಗಿನ ದರದಲ್ಲಿ ಸುಮಾರು 1.92 ಲಕ್ಷ ತೆರಿಗೆ. ಅದೇ 20 ಲಕ್ಷ ಫೀ ಆದರೆ ಆದಾಯ 10 ಲಕ್ಷ, ತೆರಿಗೆ ಇಲ್ಲ. ದೊಡ್ಡ ಫರ್ಮ್‌ನವರು ಪಿಎಫ್ ಇಲ್ಲ ಅಂತ ಗಲಾಟೆ ಮಾಡದಿರುವುದು ಇದಕ್ಕೇ!

ಕಳೆದುಕೊಳ್ಳುವುದೂ ಇದೆ. ಹೆರಿಗೆ ರಜೆ ಕಾನೂನಿನಿಂದ ಬರುವುದಿಲ್ಲ, ಫರ್ಮ್‌ನ ಪಾಲಿಸಿ ಇದ್ದರೆ ಉಂಟು. ಆರೋಗ್ಯ ವಿಮೆ ಕೊಡುತ್ತಾರಾ ಕೇಳಿ. ಬ್ಯಾಂಕ್‌ನವರು ಮುಂದೆ ನಿಮ್ಮನ್ನು ಸ್ವಂತ ಉದ್ಯೋಗಿ ಅಂತ ನೋಡುತ್ತಾರೆ, ಸಾಲ ಬೇಕಾದರೆ ಎರಡು ಮೂರು ವರ್ಷದ ರಿಟರ್ನ್ಸ್ ಕೇಳುತ್ತಾರೆ. ಎಜುಕೇಷನ್ ಲೋನ್ ಬಡ್ಡಿಯ ವಿನಾಯಿತಿ ಹೊಸ ಪದ್ಧತಿಯಲ್ಲಿ ಇಲ್ಲ, ಆದರೆ ತೆರಿಗೆಯೇ ಇಲ್ಲದಾಗ ವಿನಾಯಿತಿ ಕಟ್ಟಿಕೊಂಡು ಏನು ಮಾಡುತ್ತೀರಿ. ಜಿಎಸ್‌ಟಿ ಚಿಂತೆಯೂ ಬೇಡ, ಒಬ್ಬ ವಕೀಲರು ಲಾ ಫರ್ಮ್‌ಗೆ ಕೊಡುವ ಸೇವೆಗೆ ವಿನಾಯಿತಿ ಇದೆ.

---

ಬೆಂಚ್ ಕಾದವನು

ಯಾಕ್ರೀ ಇಷ್ಟೆಲ್ಲ. ಲೋನ್ ಇದೆ, ಫರ್ಮ್‌ಗೆ ಹೋಗಿ, ಎರಡು ವರ್ಷ ದುಡಿದು ಸಾಲ ತೀರಿಸಿ ಆಮೇಲೆ ಕೋರ್ಟ್‌ಗೆ ಬನ್ನಿ. ಚೇಂಬರ್ ಎಲ್ಲೂ ಓಡಿ ಹೋಗುವುದಿಲ್ಲ.

---

ಪೇಡಾನಗರಿ ವಕೀಲ

ಬರುವವರು ಕಮ್ಮಿ ರೀ. 56 ಸಾವಿರ ನೋಡಿದ ಖಾತೆಗೆ ಮತ್ತೆ 20 ಸಾವಿರ ಸಾಲುವುದಿಲ್ಲ. ಬಂದವರೂ ಇದ್ದಾರೆ, ಸಾಲ ತೀರಿಸಿ ಒಂದಿಷ್ಟು ಕೂಡಿಟ್ಟುಕೊಂಡು ಬಂದವರು. ಆದರೆ ಅದನ್ನು ಈಗಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು, "ಆಮೇಲೆ ನೋಡೋಣ" ಅಂದವರು ಅಲ್ಲೇ ಉಳಿಯುತ್ತಾರೆ.

---

ಹಡ್ಸನ್ ದಂಡೆ

ನ್ಯೂಯಾರ್ಕ್‌ನಿಂದ. ಇಲ್ಲಿ ಎಲ್‌ಎಲ್‌ಎಂ ಮಾಡಿ ಒಂದು ದೊಡ್ಡ ಫರ್ಮ್‌ನಲ್ಲಿದ್ದೇನೆ. ಬಿಲ್ಲಬಲ್ ಗಂಟೆ ಅನ್ನೋ ಈ ಪೀಡೆ ಹುಟ್ಟಿ ಬೆಳೆದದ್ದೇ ಅಮೆರಿಕದಲ್ಲಿ, ಹಾಗಾಗಿ ನಾಲ್ಕು ಮಾತು.

ಇಲ್ಲಿನ ದೊಡ್ಡ ಫರ್ಮ್‌ಗಳಲ್ಲಿ ಮೊದಲ ವರ್ಷದವರಿಗೆ 2.25 ಲಕ್ಷ ಡಾಲರ್ ಅನ್ನೋದನ್ನು ನೀವು ಎಲ್ಲೋ ನೋಡಿರುತ್ತೀರಿ. ಕ್ರವಾತ್ ಅನ್ನೋ ಫರ್ಮ್‌ನ ಹೆಸರಿನಲ್ಲಿ ಇದಕ್ಕೆ ಕ್ರವಾತ್ ಸ್ಕೇಲ್ ಅನ್ನುತ್ತಾರೆ, ಒಬ್ಬರು ಏರಿಸಿದರೆ ವಾರದೊಳಗೆ ಉಳಿದವರೂ ಏರಿಸುತ್ತಾರೆ. 2007ರಲ್ಲಿ 1.6 ಲಕ್ಷ ಇತ್ತು, 2016ರಲ್ಲಿ 1.8 ಆಯಿತು, 2023ರ ಕೊನೆಗೆ ಈಗಿನ ಮೊತ್ತಕ್ಕೆ ಬಂತು. ಬೋನಸ್‌ಗೆ ಸಾಮಾನ್ಯವಾಗಿ 1900 ರಿಂದ 2000 ಗಂಟೆ ಕೇಳುತ್ತಾರೆ. ಆದರೆ ಇದು ಇಲ್ಲಿನ ಎಲ್ಲ ಹೊಸ ವಕೀಲರ ಕಥೆ ಅಲ್ಲ. ಒಂದು ಗುಂಪು ಈ ಮೊತ್ತದಲ್ಲಿ, ಇನ್ನೊಂದು ದೊಡ್ಡ ಗುಂಪು ಇದರ ಅರ್ಧಕ್ಕಿಂತ ಕೆಳಗೆ, ಮಧ್ಯದಲ್ಲಿ ಜನ ತೀರಾ ಕಮ್ಮಿ. ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ಡಿಫೆಂಡರ್‌ಗಳು, ಸಣ್ಣ ಊರಿನ ಆಫೀಸ್‌ನವರು ಎಲ್ಲ ಆ ಕೆಳಗಿನ ಗುಂಪಿನಲ್ಲಿ. ಓದಿದ ಸಾಲ ಮಾತ್ರ ಇಬ್ಬರಿಗೂ ಒಂದೇ.

ನನಗೆ ಮಜಾ ಅನ್ನಿಸುವ ಸಂಗತಿ ಒಂದಿದೆ. 1958ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ಒಂದು ಕಿರುಪುಸ್ತಕ ತಂದಿತ್ತು, ವಕೀಲರೇ ಗಂಟೆ ಬರೆದಿಡಿ, ಆಗ ಜಾಸ್ತಿ ದುಡಿಯುತ್ತೀರಿ ಅಂತ. ಅದರಲ್ಲಿ ಒಬ್ಬ ವಕೀಲ ವರ್ಷಕ್ಕೆ ಬಿಲ್ ಮಾಡಬಹುದಾದ ಗಂಟೆ ಸುಮಾರು 1300 ಅಂತ ಹೇಳಿದ್ದರು! ಆಮೇಲೆ 1975ರಲ್ಲಿ ಗೋಲ್ಡ್‌ಫಾರ್ಬ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬಾರ್ ಸಂಘಗಳು ಕನಿಷ್ಠ ಫೀ ಪಟ್ಟಿ ಹೇರುವುದು ಕಾನೂನುಬಾಹಿರ ಅಂದಿತು, ಪಟ್ಟಿ ಹೋದ ಮೇಲೆ ಗಂಟೆಯೇ ರಾಜ. ಅಂದಿನ 1300 ಇಂದು 2000. ಕೆಲಸ ಬೇಗ ಮಾಡುವ ಎಲ್ಲ ಯಂತ್ರ ಬಂದ ಮೇಲೂ ಗಂಟೆ ಇಳಿಯಲಿಲ್ಲ.

ಇಲ್ಲಿ ಒಂದು ಹಳೇ ಅಂದಾಜು ಇದೆ: ಅಸೋಸಿಯೇಟ್ ತರುವ ದುಡ್ಡಿನಲ್ಲಿ ಮೂರನೇ ಒಂದು ಸಂಬಳ, ಮೂರನೇ ಒಂದು ಆಫೀಸ್ ಖರ್ಚು, ಮೂರನೇ ಒಂದು ಪಾರ್ಟ್ನರ್‌ಗಳ ಲಾಭ. ನಿಮ್ಮ ಒಂದು ಗಂಟೆಗೆ ಕಕ್ಷಿದಾರರಿಗೆ ಎಷ್ಟು ಬಿಲ್ ಹಾಕುತ್ತಾರೆ ಅಂತ ಗೊತ್ತಾದರೆ ನಿಮ್ಮ ಫರ್ಮ್‌ನಲ್ಲೂ ಈ ಲೆಕ್ಕ ಹಾಕಿ ನೋಡಿ. 1800 ಕೇಳಿ 9 ಲಕ್ಷ ಕೊಡುವುದು ಕಮ್ಮಿಯಾ ಅಂತ ಆಗ ಗೊತ್ತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಮ್ಮಿ. ಬೆಂಗಳೂರಿನ ದೊಡ್ಡ ಫರ್ಮ್‌ಗಳಲ್ಲಿ ಹೊಸಬರಿಗೆ 15 ಲಕ್ಷ ದಾಟಿ ಕೊಡುವ ಕಡೆಯೂ ಗಂಟೆಯ ನಿರೀಕ್ಷೆ ಇದೇ ಆಸುಪಾಸು. ದೊಡ್ಡವರ ಗಂಟೆ ಕೇಳಿ ಮಧ್ಯಮದವರ ಸಂಬಳ ಕೊಡುವುದು ಯಾವ ಸೀಮೆ ವ್ಯವಹಾರ?

---

ಹೊಸ ಕರಿಕೋಟು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಎ ಸರ್, ಅಪ್ಪನಿಗೆ ನಿಮ್ಮ ಲೆಕ್ಕ ಓದಿ ಹೇಳಿದೆ, ಅರ್ಧ ಆದಾಯ ಅಂತ ತೋರಿಸುವುದು ಮೋಸ ಅಲ್ವಾ ಅಂತ ಎರಡು ಸಲ ಕೇಳಿದರು.

ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿದೆ. ಉತ್ತರ ಬಂತು. "ಅಪ್ರೂವ್ಡ್ ಗಂಟೆ" ಎಣಿಸುತ್ತಾರಂತೆ, ಅಂದರೆ ಪಾರ್ಟ್ನರ್ ಒಪ್ಪಿದ್ದು. ಮೊದಲ ಮೂರು ತಿಂಗಳು ಲೆಕ್ಕಕ್ಕಿಲ್ಲ, ಆಮೇಲೆ ಉಳಿದ ತಿಂಗಳಿಗೆ ತಕ್ಕಂತೆ ಟಾರ್ಗೆಟ್. ನೋಟಿಸ್ ಪೀರಿಯಡ್ ಮೂರು ತಿಂಗಳು. ಲಿಟಿಗೇಷನ್ ಟೀಮ್ ಕೇಳಿದ್ದಕ್ಕೆ "ಆರು ತಿಂಗಳಾದ ಮೇಲೆ ನೋಡೋಣ" ಅಂದರು. ಸಿಎ ಸರ್ ಹೇಳಿದ ವಿಮೆ ಇದೆ.

ಸೀನಿಯರ್ ಹತ್ತಿರವೂ ಮಾತಾಡಿದೆ. 20ಕ್ಕೆ ಒಪ್ಪಿದರು! ಸ್ವಂತ ವಕಾಲತ್ತಿಗೆ ಒಂದು ವರ್ಷ ಆಗಲಿ ಅಂದರು. ಈಗ ಇನ್ನೂ ಗೊಂದಲ ಜಾಸ್ತಿಯಾಗಿದೆ.

---

ಟೈಮ್‌ಶೀಟ್ ಸಾಕಪ್ಪ

20 ಒಪ್ಪಿದರಾ, ಭೇಷ್. ಅಪ್ಪನಿಗೆ ಹೇಳಿ, ಅದು ಸರ್ಕಾರವೇ ಕೊಟ್ಟ ಪದ್ಧತಿ.

ಫರ್ಮ್‌ನ ಉತ್ತರ ನೋಡಿದರೆ "ಅಪ್ರೂವ್ಡ್" ಅನ್ನುವಲ್ಲಿ ಕೊಕ್ಕೆ ಇದೆ. ಪಾರ್ಟ್ನರ್ ಎರಡು ಕಾರಣಕ್ಕೆ ಗಂಟೆ ಕತ್ತರಿಸುತ್ತಾರೆ. ನೀವು ನಿಧಾನ ಮಾಡಿದಿರಿ ಅಂತ ಒಂದು, ಕಕ್ಷಿದಾರರ ಮೊತ್ತಕ್ಕೆ ಹೊಂದುವುದಿಲ್ಲ ಅಂತ ಇನ್ನೊಂದು. ಮೊದಲನೇದು ನಿಮ್ಮ ಲೆಕ್ಕ, ಸರಿ. ಎರಡನೇದು ನಿಮ್ಮದಲ್ಲ. ಹಾಗಾಗಿ ಮತ್ತೊಂದು ಮೇಲ್ ಹಾಕಿ: ಒಟ್ಟು ಮೊತ್ತದ ಕೆಲಸಗಳಲ್ಲಿ ಕಡಿತವಾದ ಗಂಟೆಯನ್ನು ವೇರಿಯಬಲ್ ಲೆಕ್ಕಕ್ಕೆ ಹಿಡಿಯುತ್ತೀರಾ ಅಂತ. ಹೌದು ಅಂದರೆ 1800 ಕಷ್ಟವಾದರೂ ಮುಟ್ಟಬಹುದು. ಇಲ್ಲ ಅಂದರೆ ನಿಮ್ಮ ಸಂಬಳ ಏಳೂವರೆ ಅಂತಲೇ ತಿಳಿದುಕೊಂಡು ಬಜೆಟ್ ಹಾಕಿ, ಆ ಒಂದೂವರೆ ಲಕ್ಷವನ್ನು ಮರೆತುಬಿಡಿ. ಉತ್ತರ ಫೋನಿನಲ್ಲಿ ಹೇಳಿದರೆ "ನೀವು ಹೇಳಿದ್ದು ಹೀಗೆ ಅಂತ ಅರ್ಥ ಮಾಡಿಕೊಂಡೆ" ಅಂತ ನೀವೇ ಒಂದು ಮೇಲ್ ಬರೆದು ಕಳಿಸಿ. ವಕೀಲೆ ನೀವು.

ಸೇರಿದರೆ ಎರಡು ಕೆಲಸ ಮೊದಲ ದಿನದಿಂದ. ಟೈಮ್‌ಶೀಟ್ ಅದೇ ದಿನ ಬರೆಯಿರಿ, ಶುಕ್ರವಾರ ಕೂತು ಸೋಮವಾರದ್ದು ನೆನಪು ಮಾಡಿಕೊಂಡರೆ ಗಂಟೆಗಳು ಮಾಯ. ಮತ್ತೆ ಬರೀ "ದಾಖಲೆ ಪರಿಶೀಲನೆ, 4.0" ಅಂತ ಬರೆಯಬೇಡಿ, ನನ್ನಂಥವರು ಇನ್‌ಹೌಸ್‌ನಲ್ಲಿ ಕೂತು ಕತ್ತರಿಸುವುದು ಅಂಥ ಸಾಲುಗಳನ್ನೇ. ಯಾವ ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷದ ಪಹಣಿ, ಏನು ಕೊರತೆ ಕಂಡಿತು, ಅಷ್ಟು ಬರೆಯಿರಿ. ಜಾಸ್ತಿ ಹೊತ್ತಾಯಿತು ಅಂತ ನಾಚಿಕೊಂಡು ನೀವೇ ಗಂಟೆ ಕಮ್ಮಿ ಮಾಡಿ ಹಾಕಬೇಡಿ. ಹೊಸ ಹುಡುಗಿಯರು ಇದನ್ನು ಜಾಸ್ತಿ ಮಾಡುವುದು ನೋಡಿದ್ದೇನೆ. ಕತ್ತರಿಸುವುದು ಪಾರ್ಟ್ನರ್ ಕೆಲಸ. ಮಾಡದ ಕೆಲಸ ಬರೆಯುವುದಂತೂ ಬೇಡವೇ ಬೇಡ, ಸಿಕ್ಕಿಬಿದ್ದರೆ ಸನ್ನದಿಗೇ ಕುತ್ತು.

ಚೇಂಬರ್ ಅಥವಾ ಫರ್ಮ್ ಅಂತ ನಾನು ಹೇಳುವುದಿಲ್ಲ. ಆದರೆ "ಆರು ತಿಂಗಳಾದ ಮೇಲೆ ನೋಡೋಣ" ಅನ್ನುವ ಮಾತನ್ನು ನಂಬಿ ಜಡ್ಜ್ ಪರೀಕ್ಷೆಯ ಲೆಕ್ಕ ಹಾಕಬೇಡಿ, ಒಳ್ಳೇ ಟೈಟಲ್ ಮಾಡುವವರನ್ನು ಯಾವ ಟೀಮೂ ಬಿಟ್ಟುಕೊಡುವುದಿಲ್ಲ. ಲೋನ್ ಕಂತು ಎಷ್ಟು ಅಂತ ನೀವು ಹೇಳಲಿಲ್ಲ. ಅದು ಹೇಳಿ, 20 ಸಾವಿರದಲ್ಲಿ ಆಗುತ್ತದಾ ಇಲ್ಲವಾ ನೋಡೋಣ.

---

ಹೊಸ ಕರಿಕೋಟು

ಕಂತು 8,400 ಅಕ್ಕ. ಬ್ಯಾಂಕ್‌ನಲ್ಲಿ ಇನ್ನೊಂದು ಆರು ತಿಂಗಳು ಮುಂದೆ ಹಾಕುತ್ತಾರಾ ಅಂತ ಸೋಮವಾರ ಹೋಗಿ ಕೇಳುತ್ತೇನೆ, ಫರ್ಮ್‌ಗೆ ಆ ಮೇಲ್ ಇವತ್ತೇ ಹಾಕುತ್ತೇನೆ.